ನಾಲ್ಕನೇ ಕಾಲಂ

ಯಜಮಾನನ ಹೆಸರು ಕೇಳ್ತದೆ ನಿಮ್ಮ ಫಾರಮ್ಮು.
ಬರಕೊಳ್ಳಿ ಸ್ವಾಮಿ, ಹೇಳ್ತೀನಿ.
ಆದರೆ ಅವನ ಮುಖ ನಾನು ಸರಿಯಾಗಿ ಕಂಡವಳಲ್ಲ.
ಕಂಡದ್ದು ಚಪ್ಪಲಿ. ಬುಲೆಟ್ ಗಾಡಿಯ ಸದ್ದಿಗೆ
ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಲ್ಲೋದು ನಮ್ಮ ರೂಢಿ.
ಹನ್ನೊಂದು ವರ್ಷ ನನ್ನನ್ನು ಏಳಿಸಿದ್ದು, ಮಲಗಿಸಿದ್ದು
ಸೊಂಟಕ್ಕೆ ಸಿಕ್ಕಿಸಿದ ಬೀಗದಕೈ ಗೊಂಚಲು.
ಅದಕ್ಕೆ ಕಾಲಂ ಇಲ್ವಾ?

ದೊರಸಾನಿ ಅಂತಿದ್ವಿ. ಹೆಸರು ಗೊತ್ತಿಲ್ಲ.
ನನ್ನ ಹೆಸರು ಅವಳಿಗೂ ಬೇಕಿರಲಿಲ್ಲ,
'ಏ ಪಿಲ್ಲಾ' ಅಂದರೆ ಸಾಕು
ಹಿತ್ತಲಲ್ಲಿ ಕರುವೂ ನಾನೂ ಒಟ್ಟಿಗೆ ಕತ್ತೆತ್ತುತ್ತಿದ್ವಿ.
ಅಕ್ಕನ ಮದುವೆಗೆ ತಂದದ್ದು ಮುನ್ನೂರೈವತ್ತು.
ಅಸಲು ನಮ್ಮಣ್ಣ, ಹೊಲದಲ್ಲಿ.
ಬಡ್ಡಿ ನಾನು, ಮನೆಯಲ್ಲಿ.

ಮನೆ ತುಂಬ ರೇಷ್ಮೆ ಹುಳು.
ಹುಳು ಜ್ವರಕ್ಕೆ ಕೂತರೆ ಒಗ್ಗರಣೆ ಹಾಕಂಗಿಲ್ಲ,
ಕೆಮ್ಮಂಗಿಲ್ಲ, ಬಾಗಿಲು ಕಿರ್ರ್ ಅನ್ನಂಗಿಲ್ಲ.
ನನಗೆ ಜ್ವರ ಬಂದ ದಿನ
ಆರು ಮಂಕರಿ ಸೊಪ್ಪು ಕೊಯ್ದೆ.
ಸುಳ್ಳು ಹೇಳಬಾರದು, ಆ ರಾತ್ರಿ ಅವಳೇ ಬಂದು
ಮೆಣಸಿನ ಕಷಾಯ ಕೊಟ್ಟಳು,
ಚಿಪ್ಪಿನಲ್ಲಿ, ಮೇಲಿಂದ ಹುಯ್ದು.
ಮೊಣಕೈ ಹತ್ರ ಈ ಕಲೆ ಇದೆಯಲ್ಲ,
ಇದೂ ಅವಳದೇ. ಕಾದ ಸೌಟು.
ಒಂದೇ ಕೈ ಸ್ವಾಮಿ. ಎರಡೂ ಒಂದೇ ಕೈ.

ಅವಳಿಗೂ ಓದು ಬರ್ತಿರಲಿಲ್ಲ.
ಹಾಲಿನ ಲೆಕ್ಕ ಗೋಡೆ ಮೇಲೆ ಇದ್ದಿಲಲ್ಲಿ ಗೀರುತಿದ್ದಳು,
ಐದಕ್ಕೊಂದು ಅಡ್ಡಗೀರು. ಕಸ ಗುಡಿಸ್ತಾ ನಾನೂ ಕಲಿತೆ.
ಒಂದು ದಿನ ಕೇಳಿದೆ, 'ದೊರಸಾನಿ, ನಿನ್ನೆದು ಒಂದು ಬಿಟ್ಟೋಗಿದೆ'.
ಅವತ್ತೇ ಗೋಡೆಗೆ ಸುಣ್ಣ ಬಳಿಸಿದಳು, ನನ್ನ ಕೈಲೇ.

ಇನ್ನು ಆ ಮಾತು.
ಬರೀತಿರೋ ಬಿಡ್ತಿರೋ.
ನಾನು ಮೈ ನೆರೆದ ವರ್ಷ, ರಾತ್ರಿ,
ಕೊಟ್ಟಿಗೆ ಬಾಗಿಲಿಗೆ ಬಂತು ಚಪ್ಪಲಿ.
ಅವಳು ಬಂದಳು ಲಾಟೀನು ಹಿಡಿದು. ಗಂಡನಿಗೆ ಒಂದು ಮಾತಿಲ್ಲ.
ನನ್ನ ಜಡೆ ಹಿಡಿದು ಎಳಕೊಂಡು ಹೋಗಿ
ಪಡಸಾಲೆಯಲ್ಲಿ ತನ್ನ ಚಾಪೆಯ ಕಾಲ್ದೆಸೆಗೆ ಮಲಗಿಸಿದಳು.
ಬೆಳಗಾದ ಮೇಲೆ ಕತ್ತರಿ ತಂದು
ಆ ಜಡೆಯನ್ನ ಬುಡಕ್ಕೆ ಕತ್ತರಿಸಿದಳು.
ಅದಾಗಿ ಮೂರು ವರ್ಷ ಅಲ್ಲೇ ಮಲಗಿದೆ.
ಕಾಪಾಡಿದಳೋ, ಕಾವಲಿದ್ದಳೋ.
ನಿದ್ದೆಯಲ್ಲಿ ಅವಳು ಅಳೋದು ಕೇಳಿಸ್ತಿತ್ತು.
ಅಳಲಿ ಅಂದುಕೊಂಡೆ. ಪಾಪ ಅಂತಲೂ ಅಂದುಕೊಂಡೆ.
ಕೂದಲು ಇನ್ನೂ ಅವಳ ಹತ್ರಾನೇ ಇದೆ.

ಹೋದ ವಾರ, ಬಾಗೇಪಲ್ಲಿ ಆಸ್ಪತ್ರೆಯಲ್ಲಿ,
ಮಗುವಿಗೆ ಸೂಜಿ ಹಾಕಿಸೋಕೆ ಸಾಲಲ್ಲಿ ನಿಂತಿದ್ದೆ.
ಕಂಬಕ್ಕೆ ಒರಗಿ ಕೂತಿದ್ದಳು. ಗೊಂಚಲು ಸೊಸೆಯ ಸೊಂಟದಲ್ಲಿ.
ಇವಳ ಸೊಂಟದಲ್ಲಿ ಬರೀ ಒಂದು ಪಿನ್ನು.
ನನ್ನ ಗುರುತು ಸಿಗಲಿಲ್ಲ. 'ತಾಯಿ, ಒಂಚೂರು ನೀರು' ಅಂದಳು.
ಆ ಬಾಯಿಂದ ಆ ಮಾತು.
ಚೊಂಬು ಕೈಗೆ ಕೊಡಬೇಕು ಅಂತಲೇ ಬಗ್ಗಿದೆ.
ಕೈ ಕೇಳಲಿಲ್ಲ ಸ್ವಾಮಿ. ತಾನಾಗೇ ಮೇಲೆ ಹೋಯ್ತು,
ಒಂದು ಗೇಣು, ಎರಡು ಗೇಣು.
ಅವಳು ಬೊಗಸೆ ಒಡ್ಡಿದಳು,
ಯಾರೂ ಹೇಳಿಕೊಡದೆ, ಥೇಟ್ ನಾನು ಒಡ್ಡಿದ ಹಾಗೆ.
ನೀರು ಬೀಳ್ತಿತ್ತು, ಮೊಣಕೈವರೆಗೂ ಇಳೀತಿತ್ತು.

ಸೇಡಲ್ಲ. ಸೇಡಾಗಿದ್ದರೆ
ಮನೆಗೆ ಬಂದು ನಿದ್ದೆ ಮಾಡ್ತಿದ್ದೆ.

ಪೆನ್ನು ನಿಲ್ಲಿಸಿಬಿಟ್ಟಿರಲ್ಲ.
ನಾಲ್ಕನೇದು ಖಾಲಿ ಬಿಡಿ.
ಐದನೇದರಲ್ಲಿ ಏನಿದೆ, ಓದಿ.