ರಾತ್ರಿ ಒಂಬತ್ತು

ಕಿಸುಮುವಿನ ಮೀನು ಕಚೇರಿಯಲ್ಲಿ ಮೇಜು ಒಂದೇ, ಪರದೆ ಮೂರು.
ಒಂದರಲ್ಲಿ ಸರೋವರದ ನಕ್ಷೆ: ಉಪಗ್ರಹ ಕಂಡ ಪಾಚಿ,
ಗಾಳಿ ತಳ್ಳಿದ ಕಡೆಗೆ ಹಸಿರು ಕಂಬಳಿಯಂತೆ ಸರಿಯುತ್ತ.
ಇನ್ನೊಂದರಲ್ಲಿ ನೀರೊಳಗಿನ ಉಸಿರಿನ ಗೆರೆ,
ತೇಲುಬುರುಡೆಯೊಂದು ಹತ್ತು ನಿಮಿಷಕ್ಕೊಮ್ಮೆ ಬರೆಯುವುದು.
ಮೂರನೆಯದರಲ್ಲಿ ಮೀನುಗಾರರ ದಿನಚರಿ, ಚುಕ್ಕಿ ಚುಕ್ಕಿಯಾಗಿ:
ಯಾವ ಪಂಜರ, ಎಷ್ಟು ಮೀನು, ಎಷ್ಟು ಹೊತ್ತಿಗೆ.

ಎತ್ತು ಏರಿಗೆ, ಕೋಣ ನೀರಿಗೆ.
ಮೂರನೆಯದು ನಿಂತಲ್ಲೇ ಮೆಲುಕು ಹಾಕುತ್ತಿತ್ತು.

ಒಂದನ್ನು ಕಟ್ಟಿದವರ ತಿಂಗಳು ಇನ್ನೊಂದನ್ನು ಕಟ್ಟಿದವರಿಗೆ ತಾರೀಖು.
ತೇಲುಬುರುಡೆಯಂತೂ ವಿಕ್ಟೋರಿಯಾದ ನೀರಲ್ಲಿ ಕೂತು
ಗ್ರೀನಿಚ್ಚಿನ ಗಂಟೆ ಹೇಳುತ್ತಿತ್ತು;
ಅದಕ್ಕೆ ಮೂರು ಕೂಡಿಸಿ ದಾರಿಗೆ ತಂದಳು ಅಕೆಯೊ ಒಗಾಡಾ.

ನಾಲ್ಕು ತಿಂಗಳು ಮೂರರ ನಡುವೆ ದಾರ ಪೋಣಿಸಿದಳು.
ಇಲ್ಲಿ ಚಿವುಟಿದರೆ ಅಲ್ಲಿ ಚುರ್ರೆನ್ನಬೇಕು,
ಅಷ್ಟೇ ಅವಳ ಆಸೆ.
ಗೆರೆಯ ತಗ್ಗನ್ನು ಬೆರಳಲ್ಲಿ ಸುತ್ತಿದರೆ
ನಕ್ಷೆಯ ಆ ಕೊಲ್ಲಿ ಹಳದಿಯಾಗಬೇಕು,
ದಿನಚರಿಯ ಆ ಚುಕ್ಕಿಗಳು ಮೈಮುರಿದು ಏಳಬೇಕು.

ಎದ್ದವು.
ಒಂದು ಏಳಲಿಲ್ಲ.

ಉಳಿದವರು ಫೋನು ಒತ್ತುತ್ತಾರೆ, ಹೊತ್ತನ್ನು ಫೋನೇ ಹಾಕುತ್ತದೆ.
ಹದಿನೇಳನೇ ಪಂಜರದ ಒಲಾಂಗ್ ನ್ಯಾವಾಂಡಾ ಪೆನ್ಸಿಲಿನವನು:
‘ಮೀನು ಮೇಲೆ ಬಂದು ಬಾಯಿ ಬಿಡುತ್ತಿವೆ. ರಾತ್ರಿ ಒಂಬತ್ತು.’
ಉಸಿರು ಕುಸಿದದ್ದು ನಸುಕಿನ ಮೂರಕ್ಕೆ.
ಆರು ತಾಸು ಮೊದಲೇ ಸಾಯಲು ಶುರುಮಾಡಿದ ಮೀನು!
ತಂತ್ರಾಂಶ ಆ ಸಾಲಿಗೆ ಕೆಂಪು ಬಳಿದು ಪಕ್ಕಕ್ಕಿಟ್ಟಿತು.
ಅಕೆಯೊ ಕೂಡ ಅಂದುಕೊಂಡಳು: ಕುಡಿದಿದ್ದನೇನೋ.

ಬೆಳಿಗ್ಗೆ ಮಂದಾಜಿ ಮಾರುವ ಹುಡುಗ ಕಿಟಕಿಯಲ್ಲಿ ಕೇಳಿದ,
ಗಂಟೆಯೆಷ್ಟು?
ಕೈಗಡಿಯಾರದಲ್ಲಿ ಏಳು.
ಬಾಯಿ ಹೇಳಿತು: ‘ಸಾ ಮೋಜಾ’. ಒಂದು.
ಸೂರ್ಯ ಮೂಡಿದ ಮೇಲೆ ಒಂದು.
ಮಾತು ಬಂದಾಗಿನಿಂದ ಹೀಗೇ, ಕಣ್ಣಿಗೊಂದು ಲೆಕ್ಕ, ನಾಲಗೆಗೊಂದು,
ನಡುವಿನ ಆರನ್ನು ಕೂಡಿ ಕಳೆಯುವವರು ಯಾರೋ
ಅವಳೊಳಗೇ ಇದ್ದರು, ಕೂಲಿ ಕೇಳದೆ.

ಮಂದಾಜಿ ಕೈಯಲ್ಲೇ ಉಳಿಯಿತು.
ರಾತ್ರಿ ಒಂಬತ್ತು ಎಂದರೆ
ಹೊತ್ತು ಮುಳುಗಿದ ಮೇಲೆ ಒಂಬತ್ತು.

ಎಣ್ಣೆಗೈಯಲ್ಲೇ ಒಂದು ಸಾಲು ಬರೆದಳು: ಆರು ಕೂಡಿಸು.
ತಗ್ಗನ್ನು ಮತ್ತೆ ಸುತ್ತಿದಳು.
ಕೊಲ್ಲಿ ಹಳದಿಯಾಯಿತು, ಹದಿನೇಳರ ಚುಕ್ಕಿ ಎದ್ದು ನಿಂತಿತು,
ಅದರ ಬೆನ್ನಿಗೆ ಹನ್ನೊಂದು ಸಾವಿರ ಸತ್ತ ತಿಲಾಪಿಯಾ.
ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಫೋನು ಮಾಡಿದಳು. ಒಲಾಂಗ್ ದೋಣಿಯಲ್ಲಿದ್ದ.
ಹೆಂಡತಿ ಎಂದಳು, ನಾಳೆ ಎರಡಕ್ಕೆ ಬನ್ನಿ,
ಹಳೆಯ ವರ್ಷಗಳ ಪುಸ್ತಕವೂ ಇವೆ, ತಗಡಿನ ಪೆಟ್ಟಿಗೆಯಲ್ಲಿ.

ಯಾವ ಎರಡು ಎಂದು ಅಕೆಯೊ ಕೇಳಲಿಲ್ಲ.
ಬೆಳಗಿನ ಎಂಟಕ್ಕೆ ಐದು ನಿಮಿಷವಿರುವಾಗ ದಡದಲ್ಲಿದ್ದಳು,
ಚಪ್ಪಲಿ ಕೈಯಲ್ಲಿ ಹಿಡಿದು.