ಹತ್ತಕ್ಕೆ ಒಂದು

ನನ್ನ ಕಿಟಕಿಯ ಮುಂದೆ ದಿನಕ್ಕೆ ಇಪ್ಪತ್ತು ಸಲ
ಒಂದು ಬುಟ್ಟಿ ಏರುತ್ತದೆ, ಇಳಿಯುತ್ತದೆ.
ಏರುವಾಗ ಮುರಿದ ಕೊಡೆ,
ಇಳಿಯುವಾಗ ಮುರಿಯದ ಕೊಡೆ.

ಬಟೂಮಿಯಲ್ಲಿ ಕೊಡೆಗಳು ಬೇಗ ಸಾಯುತ್ತವೆ.
ಕಪ್ಪು ಸಮುದ್ರದ ಗಾಳಿ ಬೀದಿಯ ತಿರುವಿನಲ್ಲಿ ಕಾದು ನಿಂತು
ಒಂದೇ ಏಟಿಗೆ ಕಡ್ಡಿಗಳನ್ನು ಹಿಂದುಮುಂದು ಮಾಡುತ್ತದೆ.
ಜನ ಕಸದ ಡಬ್ಬಿಗೆ ತುರುಕಿ ಹೋಗುತ್ತಾರೆ,
ಸತ್ತ ಕಾಗೆಗಳ ಹಾಗೆ.
ಲಾಮಾರಾ ಅವನ್ನು ಕಂಡದ್ದು ಅಲ್ಲಿಯೇ.

ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ
ಬಂದರಿನ ಸುಂಕದ ಕಟ್ಟೆಯಲ್ಲಿ ಕೂತು
ಊರಿನವರ ಪೆಟ್ಟಿಗೆ ಎಣಿಸಿದಳು.
ಕಚೇರಿಗೆ ಯಂತ್ರ ಬಂತು, ಅವಳು ಮನೆಗೆ ಬಂದಳು.

ನಾದಿನಿ ಗೂಲಿಕೊ ಹೇಳಿದಳು: ಕೇಕು ಮಾಡು,
ಮದುವೆಗಳಿಗೆ ಬರಗಾಲವಿಲ್ಲ.
ಕೇಕು ಚೆನ್ನಾಗಿಯೇ ಬಂತು.
ಆದರೆ ಕೇಕಿನ ಬೆನ್ನಿಗೇ ವಧುವಿನ ತಾಯಿಯೂ ಬರುತ್ತಾಳೆ,
ಕಾಫಿ ಕುಡಿಯುತ್ತಾಳೆ, ಅಳುತ್ತಾಳೆ,
ಗುಲಾಬಿ ಬಣ್ಣ ಇನ್ನೂ ಸ್ವಲ್ಪ ತಿಳಿಯಾಗಬಹುದಿತ್ತೇ ಎಂದು ಕೇಳುತ್ತಾಳೆ.
ಲಾಮಾರಾ ಹೇಳಿದಳಂತೆ: ಇಲ್ಲ.
ಅಷ್ಟೇ. ಇಲ್ಲ.
ಆ ಬೀದಿಯಿಂದ ಮತ್ತೆ ಯಾರೂ ಬರಲಿಲ್ಲ.

ಸೋದರಳಿಯ ಝಾಝಾ ಮೊಬೈಲು ಹಿಡಿದು ಬಂದ:
ಅತ್ತೆ, ಅಕ್ರೋಟು ಅರೆಯುತ್ತ ಒಂಚೂರು ನಗು,
ಜಗತ್ತೇ ನೋಡುತ್ತದೆ.
ಹದಿನೇಳು ನಿಮಿಷ ಅರೆದಳು. ನಗಲಿಲ್ಲ.
ಜಗತ್ತು ನೋಡಿದ್ದು ಒಂಬತ್ತು ಸಲ,
ಅದರಲ್ಲಿ ನಾಲ್ಕು ಸಲ ನಾನೇ.

ಆಮೇಲೆ ಕಂದಮ್ಮಗಳನ್ನು ನೋಡಿಕೊಳ್ಳುವ ಕೆಲಸ.
ಅದು ಒಂದು ಮಂಗಳವಾರ ಮಾತ್ರ ನಡೆಯಿತು.

ನಮ್ಮ ಲಿಫ್ಟು ನಾಣ್ಯ ನುಂಗದೆ ಮೇಲೇಳುವುದಿಲ್ಲ.
ಅವತ್ತು ಹಾಕಿದ್ದು ನಾನು,
ಹಾಗಾಗಿ ನಾಲ್ಕು ಮಹಡಿಯಷ್ಟು ಹೊತ್ತು ನನ್ನ ಕೈಗೆ ಸಿಕ್ಕಿಬಿದ್ದಳು.
ನಿನಗೆ ಬೇಕಾದ್ದಾದರೂ ಏನು, ಕೇಳಿದೆ, ದುಡ್ಡೋ, ಹೆಸರೋ?
ಗುಂಡಿಗಳನ್ನೇ ನೋಡುತ್ತ ಅಂದಳು:
ಚಳಿಗಾಲದ ಗ್ಯಾಸಿನ ಬಿಲ್ಲು. ಮೇಲಿನ ಎರಡು ಹಲ್ಲು.
ಮತ್ತೆ, ಬಾಗಿಲ ಗಂಟೆ ಯಾರೂ ಒತ್ತಬಾರದು.

ಇದೂ ಒಂದು ಗುರಿಯೇ ಎಂದು ನಕ್ಕಿದ್ದೆ.
ಹಾಸಿಗೆ ಇದ್ದಷ್ಟು ಕಾಲು ಚಾಚುವವರು ನಾವು;
ಅವಳು ಮೊದಲು ಕಾಲು ಅಳೆದುಕೊಂಡು
ಆಮೇಲೆ ಹಾಸಿಗೆ ಹೊಲಿಯಲು ಕೂತಳು.

ಬುಟ್ಟಿಯ ಹಿಡಿಗೊಂದು ರಟ್ಟು:
"ಕೊಡೆ ಇಡಿ. ಹೆಸರು ಬರೆಯಿರಿ. ಗುರುವಾರ ಬನ್ನಿ. ಕೂಗಬೇಡಿ."
ಇಟ್ಟರು. ಗುರುವಾರ ಬಂದರು.
ರಾತ್ರಿ ಒಂದರವರೆಗೆ ನನ್ನ ಸೂರಿನ ಮೇಲೆ ಇಕ್ಕಳದ ಟಿಕ್, ಟಿಕ್,
ಉದ್ದನೆಯ ಮೌನ,
ಆಮೇಲೆ ಫಟ್ ಎಂದು ಕೊಡೆಯೊಂದು ಪೂರ್ತಿ ಅರಳಿದ ಸದ್ದು.
ಮನೆಯೊಳಗೆ ಕೊಡೆ ಬಿಚ್ಚಿದರೆ ಕೇಡು ಅನ್ನುತ್ತಿದ್ದಳು ನಮ್ಮಜ್ಜಿ.
ಅಲ್ಲಿ ವಾರಕ್ಕೆ ನಲವತ್ತು ಬಿಚ್ಚುತ್ತವೆ.
ಕೇಡಿಗೆ ದಾರಿ ತಪ್ಪಿರಬೇಕು.

ಇನ್ನು ನಾನು. ಮನೆಯಲ್ಲೇ ಕೂತು ಅನುವಾದ ಮಾಡುತ್ತೇನೆ:
ಜನನ ಪತ್ರ, ವಿಚ್ಛೇದನ ಪತ್ರ, ಟ್ರ್ಯಾಕ್ಟರಿನ ಕೈಪಿಡಿ.
ದಿನವಿಡೀ ಪರರ ಮಾತು, ನನ್ನದು ಒಂದೂ ಇಲ್ಲ.
ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಜೊತೆ ಜಗಳ ತೆಗೆಯುತ್ತೇನೆ.
ಹಾಗಾಗಿಯೇ ಕಿಟಕಿಗೆ ಬಂದೆ.
ಕೆಳಗೆ ಕತ್ತೆತ್ತಿ ನಿಂತವರ ಜೊತೆ ಶುರುವಾಯಿತು:
ಯಾವ ಗಾಳಿಗೆ ಮುರಿಯಿತು, ಮೊಮ್ಮಗನ ಹೆಸರೇನು,
ಬೀನ್ಸಿಗೆ ಕೊತ್ತಂಬರಿ ಎಷ್ಟು ಹಾಕುತ್ತೀರಿ.
ಕೊಡೆ ಮುರಿಯದವರೂ ಬರತೊಡಗಿದರು.
ಒಬ್ಬಾತ ಗಟ್ಟಿಯಿದ್ದ ಕಡ್ಡಿಯನ್ನು
ಅಲ್ಲೇ ಮೊಣಕಾಲಿಗೆ ಕೊಟ್ಟು ಮುರಿದದ್ದು ಕಂಡೆ.

ಮೊನ್ನೆ ಬುಟ್ಟಿ ನನ್ನ ಮುಂದೆಯೇ ನಿಂತುಬಿಟ್ಟಿತು.
ಹಗ್ಗ ಅಲುಗಲಿಲ್ಲ.
ಒಳಗೊಂದು ಲಕೋಟೆ, ಸುಂಕದ ಕಟ್ಟೆಯ ನೆಟ್ಟನೆಯ ಅಕ್ಷರ:
"ನಾತೆಲಾ, ಮಾರ್ಚಿನಿಂದ ಗಿರಾಕಿ ಎರಡು ಪಟ್ಟು. ಕಾರಣ ನಿನ್ನ ಬಾಯಿ.
ಹತ್ತಕ್ಕೆ ಒಂದು ನಿನಗೆ. ಎಣಿಸಿ ಇಟ್ಟಿದ್ದೇನೆ.
ಥ್ಯಾಂಕ್ಸ್ ಹೇಳಲು ಮೇಲೆ ಬರಬೇಡ."

ಮಾತು ಬೆಳ್ಳಿಯಂತೆ.
ಬೆಳ್ಳಿಗೂ ಪೇಟೆಯಲ್ಲಿ ದರವಿದೆ;
ಐವತ್ತೆರಡು ವರ್ಷ ಪುಕ್ಕಟೆ ಹಂಚಿದ್ದೇನೆ.

ಎಣಿಸಿದೆ. ಸರಿಯಾಗಿತ್ತು.
ಟ್ರ್ಯಾಕ್ಟರಿನ ಕೈಪಿಡಿ ಮುಚ್ಚಿ
ಕಿಟಕಿಯ ಕಟ್ಟೆಗೆ ಒಂದು ದಿಂಬು ತಂದಿಟ್ಟೆ,
ಮೊಣಕೈಗಳಿಗೆ.