ನಡುವಿನಲ್ಲಿ ಕೂತುಕೊಳ್ಳಿ

ನಡುವಿನಲ್ಲಿ ಕೂತುಕೊಳ್ಳಿ, ಬಲಕ್ಕೆ ವಾಲಬೇಡಿ,
ಈ ದೋಣಿಗೆ ನನ್ನಪ್ಪನಷ್ಟೇ ಮುಂಗೋಪ.
ಕ್ಯಾಮರಾದ ಚೀಲ ಕಾಲ ಬಳಿ ಇರಲಿ.
ನಾನು ಕೈಯೆತ್ತಿದರೆ ಮಾತು ನಿಲ್ಲಿಸಬೇಕು,
ಅಷ್ಟೇ ಇಲ್ಲಿಯ ಕಾನೂನು.

ಇದು ಪಪೈರಸ್. ಇದರ ಮೇಲೆ ಯಾವುದೋ ದೇಶದ ರಾಜರು
ಲೆಕ್ಕ ಬರೆಸುತ್ತಿದ್ದರಂತೆ, ಬಂದವರೆಲ್ಲ ಹೇಳುತ್ತಾರೆ.
ನಾವು ಚಾಪೆ ಹೆಣೆಯುತ್ತೇವೆ.
ಬುಡದ ಕತ್ತಲಲ್ಲಿ, ಕೆಸರಲ್ಲಿ,
ಗಾಳಿ ಕುಡಿಯುವ ಮಾಂಬಾ ಮೀನು ಮಲಗಿರುತ್ತದೆ.
ಅದು ನನ್ನ ಗಂಡನ ಬೆಡಗಿನ ಮೀನು, ಅವನು ಮುಟ್ಟುವಂತಿಲ್ಲ.
ನಾನು ಹೆಂಗಸು, ಹಿರಿಯರ ಲೆಕ್ಕದಲ್ಲಿ ನಾನೂ ತಿನ್ನುವಂತಿಲ್ಲ.
ಯಾವ ಕಟ್ಟುಪಾಡೂ ಇಲ್ಲದ್ದು
ನೀವು ನೋಡಲು ಬಂದ ಆ ಹಕ್ಕಿಗೆ ಮಾತ್ರ.

ಬುಲ್ವೆ.
ಮೋಡದ ಬಣ್ಣ, ಎದೆಯೆತ್ತರ,
ಮುಖಕ್ಕೆ ಯಾರದೋ ಹಳೆಯ ಚಪ್ಪಲಿ ಕಟ್ಟಿದ ಹಾಗೆ ಕೊಕ್ಕು.
ಅರ್ಧ ದಿನ ನಿಂತಲ್ಲೇ ನಿಂತಿರುತ್ತದೆ,
ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಂತೆ.

ಬೆಳಿಗ್ಗೆ ಅದು ಕಂಡರೆ ಬಲೆ ಬರಿದು
ಎನ್ನುವುದು ನಮ್ಮೂರಿನ ಮಾತು.
ಬರಿಗೈಲಿ ಬಂದ ಅಪ್ಪನನ್ನು ಅವ್ವ
ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು: ಕಂಡಿತೇ?
ಕಂಡಿತು ಅಂದರೆ ಆ ರಾತ್ರಿ ಬರೀ ಬೇಯಿಸಿದ ಬಾಳೆ, ಉಪ್ಪು.
ಒಂದು ದಿನ ಅಪ್ಪ ಹುಟ್ಟೆತ್ತಿ ಅದನ್ನು ಹೊಡೆದ.
ಎರಡನೇ ಏಟು ಬೇಕಾಯಿತಂತೆ.
ಮರುದಿನವೂ ಬಲೆಯಲ್ಲಿ ಮೀನಿರಲಿಲ್ಲ;
ಅದನ್ನು ಅಪ್ಪ ಯಾರಿಗೂ ಹೇಳಲಿಲ್ಲ, ಮುಪ್ಪಿನಲ್ಲಿ ನನಗೆ ಹೇಳಿದ.
ಈಗ ನಾನು ಹಾಕುತ್ತಿರುವುದು
ಅದೇ ಹುಟ್ಟು.

ಕೊರಳಲ್ಲಿ ದುರ್ಬೀನು ತೂಗಿಕೊಂಡ ಒಬ್ಬಳು ಮುದುಕಿ
ಮೊದಲ ಬಾರಿ ಬಂದದ್ದು ನನಗೆ ನೆನಪಿದೆ.
ಹಕ್ಕಿ ಕಂಡು ಅವಳು ಅತ್ತಳು.
ನಾವು ಮುಖ ಮುಖ ನೋಡಿಕೊಂಡೆವು:
ಅಪಶಕುನಕ್ಕೆ ದುಡ್ಡು ಕೊಟ್ಟು ಅಳುವವರೂ ಇದ್ದಾರೆಯೇ!

ಆಮೇಲೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪಾಳಿ ಬಂತು,
ಇಂದು ನಬುಕೇರಾ, ನಾಳೆ ಕಿಗ್ಗುಂದು.
ಬೋಡಾ ಬೈಕಿನ ಹುಡುಗರು ಹಕ್ಕಿಗಳ ಹೆಸರು ಕಲಿತರು,
ಗೂಡು ಹುಡುಕಿ ಮರಿ ಮಾರುತ್ತಿದ್ದವನೇ
ಗೂಡಿನ ಕಾವಲಿಗೆ ಸಂಬಳ ಎಣಿಸಿದ.
ಶಾಲೆಗೆ ತಗಡಿನ ಸೂರು ಬಂತು. ಮಳೆಗೆ ಎಷ್ಟು ಸದ್ದು ಅಂದರೆ
ಮೇಷ್ಟ್ರು ಪಾಠ ನಿಲ್ಲಿಸಿ ಹುಲ್ಲಿನ ಸೂರೇ ಚೆನ್ನಿತ್ತು ಅನ್ನುತ್ತಾರೆ.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ.
ಜೌಗಿಗೆ ಬೆಂಕಿಯಿಟ್ಟು ಕೋಸು ಬೆಳೆಯುತ್ತಿದ್ದ ಸೆಬುನ್ಯ
ಸಭೆಯಲ್ಲಿ ಎದ್ದು ಕೇಳಿದ:
ದೋಣಿ ಇಲ್ಲದವನಿಗೆ ನಿಮ್ಮ ಹಕ್ಕಿ ಏನು ಕೊಡುತ್ತದೆ?
ಯಾರೂ ಉಸಿರೆತ್ತಲಿಲ್ಲ.
ಪ್ರತಿ ದೋಣಿಯಿಂದ ಹತ್ತರಲ್ಲಿ ಎರಡು ಅಂತ ಒಪ್ಪಲು
ಮೂರು ಸಭೆ, ಒಂದು ಹೊಡೆದಾಟ ಬೇಕಾಯಿತು.
ಒಂದು ಭಾನುವಾರವಂತೂ ಒಂಬತ್ತು ದೋಣಿ ಸುತ್ತುವರಿದು
ಎಲ್ಲರಿಗೂ ಹತ್ತಿರದ ಚಿತ್ರವೇ ಬೇಕು.
ಹಕ್ಕಿ ಎದ್ದು ಹೋದದ್ದು ಹದಿನೆಂಟು ದಿನ ಬರಲಿಲ್ಲ.
ಅಂದಿನಿಂದ ಮೂರೇ ದೋಣಿ, ಅದೂ ದೂರದಿಂದ.
ಬೈದುಕೊಳ್ಳಿ, ಅಭ್ಯಾಸವಿದೆ.

ರೋಗ ಬಂದು ವಿಮಾನಗಳು ನಿಂತ ವರ್ಷ
ಗೋಡೆಯ ಮೇಲಿನ ಹೆಸರು ತಾನೇ ಅಳಿಸಿಹೋಯಿತು.
ಆಗಲೂ ಯಾರೂ ಹಕ್ಕಿಯ ಮೇಲೆ ಹುಟ್ಟೆತ್ತಲಿಲ್ಲ.
ಇಲ್ಲ, ನೀರಿನ ಮೇಲೆ ಕೂತು ಸುಳ್ಳಾಡಬಾರದು:
ಒಬ್ಬ ಎತ್ತಿದ.
ಎತ್ತಿದ್ದನ್ನು ಹಾಗೇ ಹಿಡಿದು ಬಹಳ ಹೊತ್ತು ನಿಂತಿದ್ದ.
ಅವನು ನನ್ನ ಗಂಡ. ಆಮೇಲೆ ಇಳಿಸಿದ.
ಯಾಕೆ ಅಂತ ನಾನು ಕೇಳಿಲ್ಲ.

ಈಗ ಅಪ್ಪನಿಗೆ ಕಣ್ಣಿಗೆ ಪೊರೆ.
ಸಂಜೆ ನನ್ನ ಹೆಜ್ಜೆ ಕೇಳಿದ್ದೇ ತಡ
ಚಾಪೆಯಿಂದಲೇ ಕೂಗುತ್ತಾನೆ: ಕಂಡಿತೇ?
ಅದೇ ಮಾತು, ಅವ್ವನದೇ ಮಾತು.
ಕಂಡಿತು ಅಂದರೆ ಕತ್ತಲಲ್ಲಿ
ಹಲ್ಲಿಲ್ಲದ ಬಾಯಿ ನಗುವುದು ಗೊತ್ತಾಗುತ್ತದೆ.
ಅದು ಬಾಳೆಯ ಜೊತೆಗಿನ ಮೀನಿಗೋ,
ಹಳೆಯ ಎರಡು ಏಟಿಗೋ, ನಾನು ಹೇಗೆ ಹೇಳಲಿ.

ಹಕ್ಕಿ ಕಾಣದಿದ್ದರೆ ದುಡ್ಡು ವಾಪಸಿಲ್ಲ,
ಮೊದಲೇ ಹೇಳಿರುತ್ತೇನೆ, ಆಮೇಲೆ